ಬಳ್ಳಾರಿ ಕೋರ್ಟಿನಿಂದ ಬಾಂಬೆ ಹೈಕೋರ್ಟಿನವರೆಗೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಜಾತ್ರೆ ಮದುವೆಗಳಲ್ಲಿ ಸಿಕ್ಕವರ ಮಾತಿನಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ‘ಜಡ್ಜ್ ಕುರ್ಚಿ ಮ್ಯಾಲೆ ಹೆಣ್ಣುಮಗಳು ಕುಂತರೆ ಹೆಣ್ಣುಮಕ್ಕಳಿಗೆ ನ್ಯಾಯ ಸಿಗ್ತತೇನ್ರಿ?’ ಗಂಡಸರು ಕೇಳಿದರೆ ಆ ದನಿಯಲ್ಲಿ ಸಣ್ಣದೊಂದು ಅಳುಕು ಇರುತ್ತದೆ, ನಮ್ಮ ಕಡೆ ತಕ್ಕಡಿ ಮೇಲೇಳುತ್ತದೇನೋ ಎಂಬಂತೆ. ಹೆಂಗಸರು ಕೇಳಿದರೆ ಅದರಲ್ಲಿ ಆಸೆ ಇರುತ್ತದೆ. ಇಬ್ಬರಿಗೂ ನಾನು ಮೊದಲು ಹೇಳುವುದು ಒಂದು ಹೆಸರು: ನ್ಯಾಯಮೂರ್ತಿ ಮಂಜುಳಾ ಚೆಲ್ಲೂರ್. ನಮ್ಮ ಭಾಗದಲ್ಲಿ ಈ ಹೆಸರು ಗೊತ್ತಿರುವವರು ಕಡಿಮೆ. ಅದು ನನಗೆ ಬೇಸರದ ಸಂಗತಿ.

ಮೈಲಾರ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಈಗ ವಿಜಯನಗರ ಜಿಲ್ಲೆ. ಆದರೆ 2021ರವರೆಗೆ ನಮಗೆ ಜಿಲ್ಲೆ ಎಂದರೆ ಬಳ್ಳಾರಿಯೇ. ಹರಪನಹಳ್ಳಿ ಮಾತ್ರ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಮರಳಿ ಬಳ್ಳಾರಿಗೆ ಬಂದು, ಅಲ್ಲಿಂದ ಹೊಸ ಜಿಲ್ಲೆಗೆ ಸೇರಿತು. ಡಿಸಿ ಕಚೇರಿ, ದೊಡ್ಡಾಸ್ಪತ್ರೆ, ಜಿಲ್ಲಾ ಕೋರ್ಟು ಎಲ್ಲಕ್ಕೂ ನಸುಕಿನಲ್ಲೇ ಎದ್ದು ಬಳ್ಳಾರಿ ಬಸ್ಸು ಹಿಡಿಯಬೇಕಿತ್ತು. ಆ ಬಳ್ಳಾರಿಯ ಅಲ್ಲಂ ಸುಮಂಗಳಮ್ಮ ಸ್ಮಾರಕ ಮಹಿಳಾ ಕಾಲೇಜಿನಲ್ಲಿ ಬಿ.ಎ. ಓದಿ, ಬೆಂಗಳೂರಿನ ರೇಣುಕಾಚಾರ್ಯ ಕಾಲೇಜಿನಲ್ಲಿ ಕಾನೂನು ಪದವಿ ಪಡೆದ ಹುಡುಗಿಯೊಬ್ಬಳು 1978ರಲ್ಲಿ ಕಪ್ಪು ಕೋಟು ತೊಟ್ಟು ಬಳ್ಳಾರಿ ಕೋರ್ಟಿಗೆ ಕಾಲಿಟ್ಟಳು. ಆಗ ಆಕೆಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಬಳ್ಳಾರಿಯಲ್ಲಿ ಅದಕ್ಕೂ ಮೊದಲು ವಕೀಲಿಕೆಗೆ ನಿಂತ ಹೆಣ್ಣುಮಗಳು ಇರಲಿಲ್ಲ.

‘ಮೊದಲನೆಯವಳು’ ಎಂದು ಬರೆದುಬಿಡುವುದು ಸುಲಭ. ಅದರ ಭಾರವನ್ನು ಕೋರ್ಟಿನ ಓಡಾಟ ಗೊತ್ತಿದ್ದವರು ಅಂದಾಜು ಮಾಡಬಲ್ಲರು. ವಕೀಲಿಕೆಗೆ ಸಂಬಳವಿಲ್ಲ. ಕಕ್ಷಿದಾರ ನಂಬಿ ವಕಾಲತ್ತಿಗೆ ಸಹಿ ಹಾಕಿದರೆ ಮಾತ್ರ ಕೆಲಸ, ಕೆಲಸವಿದ್ದರೆ ಮಾತ್ರ ಕಾಸು. ಹೊಲದ ವ್ಯಾಜ್ಯ, ಬದುವಿನ ಜಗಳ, ಕೊಲೆ ಮೊಕದ್ದಮೆ ಹೊತ್ತುಕೊಂಡು ಬರುವ ರೈತ ಆ ಕಾಲದಲ್ಲಿ ಎಳೆ ವಯಸ್ಸಿನ ಹೆಣ್ಣುಮಗಳ ಕೈಗೆ ಕಾಗದಪತ್ರ ಕೊಡಬೇಕಾದರೆ ಎಷ್ಟು ಯೋಚಿಸಿರಬೇಡ! ಅಂಥ ಕಡೆ ಮಂಜುಳಾ ಚೆಲ್ಲೂರ್ ಹತ್ತು ವರ್ಷ ಸಿವಿಲ್ಲು, ಕ್ರಿಮಿನಲ್ಲು ಎರಡನ್ನೂ ನಡೆಸಿದರು.

1988ರಲ್ಲಿ ಅವರು ಜಿಲ್ಲಾ ನ್ಯಾಯಾಧೀಶರಾದರು. ಓದುಗರು ಕೇಳುವ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನ್ಯಾಯಾಧೀಶರಾಗಲು ದಾರಿ ಎರಡು. ಒಂದು, ಪರೀಕ್ಷೆ ಬರೆದು ಕೆಳಹಂತದ ಸಿವಿಲ್ ನ್ಯಾಯಾಧೀಶರಾಗಿ ಸೇರಿ, ಬಡ್ತಿಯ ಮೇಲೆ ಬಡ್ತಿ ಪಡೆದು ಮೇಲೇರುವುದು. ಇನ್ನೊಂದು, ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಆಯ್ಕೆಯಾಗುವುದು. ಸಂವಿಧಾನದ 233ನೇ ವಿಧಿ ಇದಕ್ಕೆ ಅವಕಾಶ ಕೊಟ್ಟಿದೆ. ವಕೀಲಿಕೆಯ ಅನುಭವವನ್ನು ಹೊತ್ತು ನೇರವಾಗಿ ಆ ಕುರ್ಚಿಗೆ ಬಂದವರಿಗೆ ಒಂದು ಅನುಕೂಲವಿದೆ. ಕಟಕಟೆಯ ಆಚೆ ನಿಂತವರ ಪಾಡು ಅವರಿಗೆ ಹೊಸದಲ್ಲ.

2000ದ ಫೆಬ್ರುವರಿ 21ರಂದು ಅವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ನಮ್ಮ ಹೈಕೋರ್ಟಿನ ಬೇರು ಇರುವುದು 1884ರಲ್ಲಿ ಹುಟ್ಟಿದ ಮೈಸೂರಿನ ಚೀಫ್ ಕೋರ್ಟಿನಲ್ಲಿ. ಅಂದರೆ ನೂರು ವರ್ಷ ಮೀರಿ ಈ ನಾಡಿನ ಹೆಣ್ಣುಮಕ್ಕಳ ಆಸ್ತಿ, ಮದುವೆ, ಮಗು, ಮಾನದ ಪ್ರಶ್ನೆಗಳನ್ನೆಲ್ಲ ಅಲ್ಲಿ ಗಂಡಸರೇ ಕೂತು ತೀರ್ಮಾನಿಸಿದ್ದರು. ಅವರಲ್ಲಿ ಒಳ್ಳೆಯ ನ್ಯಾಯಮೂರ್ತಿಗಳು ಇರಲಿಲ್ಲ ಎಂದಲ್ಲ, ಖಂಡಿತ ಇದ್ದರು. ಆದರೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಒಬ್ಬ ಹೆಂಗಸೂ ಸಿಗಲಿಲ್ಲ ಎಂಬುದನ್ನು ಆಕಸ್ಮಿಕ ಎಂದು ನಾನು ಒಪ್ಪಲಾರೆ.

ಅಲ್ಲಿಂದ ಕೇರಳ. 2011ರ ನವೆಂಬರ್‌ನಲ್ಲಿ ಹಂಗಾಮಿಯಾಗಿ, ಮರುವರ್ಷ ಪೂರ್ಣ ಪ್ರಮಾಣದಲ್ಲಿ ಕೇರಳ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. 2014ರ ಆಗಸ್ಟ್‌ನಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಹೋದರು. ಈ ಕಲ್ಕತ್ತಾದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ, ತಾನು ವಕೀಲಿಕೆ ಮಾಡುತ್ತೇನೆ, ಹೆಸರು ನೋಂದಾಯಿಸಿಕೊಳ್ಳಿ ಎಂದು ಅರ್ಜಿ ಹಾಕಿದ್ದರು. ಓದು ಇತ್ತು, ಪದವಿ ಇತ್ತು. ಆದರೆ ಕಾನೂನಿನಲ್ಲಿ ವಕೀಲರನ್ನು ಕುರಿತು ಹೇಳುವ ಮಾತುಗಳೆಲ್ಲ ಗಂಡಸರಿಗೆ ಅನ್ವಯವಾಗುವಂಥವು ಎಂದು ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ ಅರ್ಜಿಯನ್ನು ತಳ್ಳಿಹಾಕಿತು. ಹೆಣ್ಣು ಎಂಬ ಕಾರಣಕ್ಕೆ ಯಾರನ್ನೂ ವಕೀಲಿಕೆಯಿಂದ ಹೊರಗಿಡುವಂತಿಲ್ಲ ಎಂಬ ಕಾಯ್ದೆ ಬಂದದ್ದು 1923ರಲ್ಲಿ. ರೆಜಿನಾ ಗುಹಾಗೆ ಬಾಗಿಲು ಮುಚ್ಚಿದ ಅದೇ ಹೈಕೋರ್ಟಿಗೆ, 1862ರಲ್ಲಿ ಅದು ಆರಂಭವಾದ ಮೇಲೆ ಮೊಟ್ಟಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗಿ ಹೋದವರು ಬಳ್ಳಾರಿಯ ಈ ವಕೀಲೆ. ನಮ್ಮ ಶಾಲೆಗಳ ಗೋಡೆಯ ಮೇಲೆ ಬರೆಸಬೇಕಾದ ಸಂಗತಿ ಇದು.

2016ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟು. ಕೇರಳ ಮತ್ತು ಬಾಂಬೆ, ಈ ಎರಡೂ ಕುರ್ಚಿಗಳಲ್ಲಿ 1994ರಲ್ಲಿ ಕೂತಿದ್ದವರು ಸುಜಾತಾ ಮನೋಹರ್. ಆಮೇಲೆ ಸುಪ್ರೀಂ ಕೋರ್ಟಿಗೆ ಹೋದ ಅವರು 1997ರ ವಿಶಾಖಾ ತೀರ್ಪು ಕೊಟ್ಟ ಪೀಠದಲ್ಲಿದ್ದರು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ದೂರು ಕೇಳಲು ಸಮಿತಿ ಇರಲೇಬೇಕು ಎಂದದ್ದು ಆ ತೀರ್ಪು. ಇವತ್ತು ನಮ್ಮ ತಾಲ್ಲೂಕು ಕಚೇರಿ, ಬ್ಯಾಂಕು, ಕಾಲೇಜುಗಳಲ್ಲಿ ಕಾಣುವ ಆಂತರಿಕ ದೂರು ಸಮಿತಿಯ ಫಲಕದ ಹಿಂದೆ ಆ ತೀರ್ಪೂ, ಅದರ ಬೆನ್ನಿಗೆ ಬಂದ 2013ರ ಕಾಯ್ದೆಯೂ ಇವೆ. 2017ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳ ಮಟ್ಟಿಗೆ ಈ ದೇಶ ಹಿಂದೆಂದೂ ಕಾಣದ್ದನ್ನು ಕಂಡಿತು. ಬಾಂಬೆಯಲ್ಲಿ ಮಂಜುಳಾ ಚೆಲ್ಲೂರ್, ಮದ್ರಾಸಿನಲ್ಲಿ ಇಂದಿರಾ ಬ್ಯಾನರ್ಜಿ, ದೆಹಲಿಯಲ್ಲಿ ಜಿ. ರೋಹಿಣಿ, ಕಲ್ಕತ್ತಾದಲ್ಲಿ ಹಂಗಾಮಿಯಾಗಿ ನಿಶಿತಾ ಮ್ಹಾತ್ರೆ. ನಾಲ್ಕು ದೊಡ್ಡ ಹೈಕೋರ್ಟುಗಳ ಮುಖ್ಯಸ್ಥರೂ ಮಹಿಳೆಯರೇ. ಅದೇ ತಿಂಗಳು ರೋಹಿಣಿಯವರು ನಿವೃತ್ತರಾದರು, ಆ ಚಿತ್ರ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಸರಿ, ಹೆಣ್ಣುಮಕ್ಕಳಿಗೆ ಇದರಿಂದ ಏನಾಯಿತು ಎಂಬುದು ಮೂಲ ಪ್ರಶ್ನೆ. ಚೆಲ್ಲೂರರ ಬದುಕಿನ ಒಂದು ವಿವರ ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ. ಅವರು ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಫೆಲೋಷಿಪ್ ಪಡೆದು ಲಿಂಗ ಮತ್ತು ಕಾನೂನು ಎಂಬ ವಿಷಯವನ್ನು ಅಭ್ಯಾಸ ಮಾಡಿದವರು. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಈ ದೃಷ್ಟಿ ಬಂದುಬಿಡುವುದಿಲ್ಲ, ಅದನ್ನು ಕೂತು ಕಲಿಯಬೇಕು. ಎಲ್ಲರಿಗೂ ಒಂದೇ ಎಂದು ಬರೆದಿಟ್ಟ ನಿಯಮದ ಹೊರೆ ಯಾರ ತಲೆಯ ಮೇಲೆ ಹೆಚ್ಚು ಬೀಳುತ್ತದೆ ಎಂದು ನೋಡುವ ವಿದ್ಯೆ ಅದು. ಒಂದು ಉದಾಹರಣೆ ಕೊಡುತ್ತೇನೆ. ಅತ್ಯಾಚಾರದ ಮೊಕದ್ದಮೆಯಲ್ಲಿ ದೂರು ಕೊಟ್ಟ ಹೆಣ್ಣುಮಗಳ ನಡತೆ ಸರಿಯಿಲ್ಲ ಎಂದು ತೋರಿಸಿ ಅವಳ ಸಾಕ್ಷ್ಯವನ್ನೇ ಅಲ್ಲಗಳೆಯಲು ಸಾಕ್ಷ್ಯ ಕಾಯ್ದೆಯಲ್ಲಿ ಅವಕಾಶವಿತ್ತು. ಬ್ರಿಟಿಷರ ಕಾಲದ ಆ ಸಾಲನ್ನು ಕಿತ್ತುಹಾಕಿದ್ದು 2002ರ ತಿದ್ದುಪಡಿ. ಅಲ್ಲಿಯವರೆಗೆ ಪಾಟಿ ಸವಾಲಿಗೆ ನಿಂತ ಅದೆಷ್ಟೋ ಹೆಣ್ಣುಮಕ್ಕಳು ಆರೋಪಿಗಿಂತ ಹೆಚ್ಚು ತಲೆತಗ್ಗಿಸಿ ಕಟಕಟೆ ಇಳಿದಿದ್ದಾರೆ.

ನಾನೇ ಕಂಡ ಒಂದು ಸಂದರ್ಭವೂ ಇದೆ. ನಮ್ಮ ಕಡೆಯ ಒಂದು ಕೋರ್ಟಿನಲ್ಲಿ ಜೀವನಾಂಶದ ಪ್ರಕರಣ ನಡೆದಿತ್ತು. ಹೊಳೆದಂಡೆಯ ಹಳ್ಳಿಯಿಂದ ಬಂದ ಹೆಂಗಸು, ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡು, ಮದುವೆ ಫೋಟೊ. ಗಂಡ ಬೇರೊಬ್ಬಳ ಜತೆ ಇದ್ದಾನೆ. ಗಂಡನ ಕಡೆಯ ವಕೀಲರು, ‘ನಿನಗೇನು ದುಡಿಮೆ?’ ಎಂದು ಕೇಳಿದರು. ಆಕೆ, ‘ಏನಿಲ್ರಿ, ಮನ್ಯಾಗ ಇರ್ತೀನಿ’ ಎಂದಳು. ಹೊರಗೆ ಬೇವಿನ ಮರದ ಕೆಳಗೆ ಕೂತಾಗ ಮಾತಿಗೆ ಮಾತು ಬಂತು. ಆ ಮನೆಯ ಮಲ್ಲಿಗೆ ತೋಟದಲ್ಲಿ ಮದುವೆಯಾದ ವರ್ಷದಿಂದ ನಸುಕಿಗೇ ಎದ್ದು ಮೊಗ್ಗು ಬಿಡಿಸುತ್ತಿದ್ದವಳು ಅವಳು. ಬಿಸಿಲೇರಿ ಮೊಗ್ಗು ಅರಳುವುದರೊಳಗೆ ಹೂವು ಮಾರುಕಟ್ಟೆ ಮುಟ್ಟಬೇಕು. ಮಾರಿದ ದುಡ್ಡು ಗಂಡನ ಕಿಸೆಗೆ. ಎಮ್ಮೆ ಎರಡು, ಅತ್ತೆಯ ಆರೈಕೆ, ಮೂರು ಮಕ್ಕಳು. ಇಷ್ಟು ಮಾಡಿದವಳು ಕೋರ್ಟಿನಲ್ಲಿ ತನಗೆ ದುಡಿಮೆಯಿಲ್ಲ ಎಂದಳು. ಸುಳ್ಳು ಹೇಳಲಿಲ್ಲ. ಅದನ್ನು ದುಡಿಮೆ ಎಂದು ಆಕೆಗೆ ಯಾರೂ ಹೇಳಿಯೇ ಇರಲಿಲ್ಲ.

ಈ ಮಾತನ್ನು ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಎತ್ತಿದವರೂ ಕನ್ನಡದ ಹೆಣ್ಣುಮಗಳೇ, ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆ ಅವರ ತಂದೆ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಊರು. 2008ರಲ್ಲಿ ಕರ್ನಾಟಕ ಹೈಕೋರ್ಟಿಗೆ, 2021ರ ಆಗಸ್ಟ್ 31ಕ್ಕೆ ಸುಪ್ರೀಂ ಕೋರ್ಟಿಗೆ ಬಂದವರು. 2024ರ ಜುಲೈ 10ರ ತೀರ್ಪೊಂದರಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಎಲ್ಲ ಹೆಣ್ಣುಮಕ್ಕಳಂತೆ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳುವ ಹಕ್ಕಿದೆ ಎಂದು ಅವರೂ ಅಗಸ್ಟಿನ್ ಜಾರ್ಜ್ ಮಸೀಹ್ ಅವರೂ ಪ್ರತ್ಯೇಕವಾಗಿ ಬರೆದು ಹೇಳಿದರು. ತೆಲಂಗಾಣದ ಗಂಡನೊಬ್ಬ ತಿಂಗಳಿಗೆ 10,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಲಾರೆ ಎಂದು ದೆಹಲಿಯವರೆಗೆ ಹೋಗಿದ್ದ ಪ್ರಕರಣ ಅದು. ನಾಗರತ್ನ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸ್ವಂತ ಆದಾಯವಿಲ್ಲದೆ ಮನೆ ನಡೆಸುವ ಹೆಂಡತಿಯರ ಸ್ಥಿತಿಯನ್ನೇ ಎತ್ತಿಕೊಂಡರು. ಮನೆಖರ್ಚಿನ ಹೊರತಾಗಿಯೂ ಅವಳ ಕೈಗೆ ಹಣ ಸಿಗಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬೇಕು, ಎಟಿಎಂ ಕಾರ್ಡು ಅವಳ ಬಳಿಯೂ ಇರಬೇಕು ಎಂಬ ಅರ್ಥದ ಮಾತು ಬರೆದರು. ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಎಟಿಎಂ ಕಾರ್ಡಿನ ಮಾತು! ಮಲ್ಲಿಗೆ ಮೊಗ್ಗು ಬಿಡಿಸಿದ ಆ ಹೆಂಗಸಿನ ಕೈಯಲ್ಲಿ ಅಂಥದೊಂದು ಕಾರ್ಡು ಇದ್ದಿದ್ದರೆ ಬಸ್ ಚಾರ್ಜಿಗೆ ಬೇರೆಯವರ ಮುಖ ನೋಡಬೇಕಾಗಿರಲಿಲ್ಲ.

ಹೀಗಾಗಿ ಓದುಗರ ಪ್ರಶ್ನೆಗೆ ನನ್ನ ಉತ್ತರ ಇದು. ಹೆಣ್ಣುಮಗಳು ನ್ಯಾಯಪೀಠದಲ್ಲಿ ಕೂತರೆ ತಕ್ಕಡಿ ಹೆಣ್ಣಿನ ಕಡೆ ವಾಲುವುದಿಲ್ಲ. ಅಲ್ಲಿಯವರೆಗೆ ತಕ್ಕಡಿಗೆ ಹಾಕದೇ ಬಿಟ್ಟಿದ್ದ ಕೆಲವು ಸಂಗತಿಗಳು ತಕ್ಕಡಿಗೆ ಬೀಳುತ್ತವೆ. 2025ರ ಫೆಬ್ರುವರಿಯಲ್ಲಿ ನಾಗರತ್ನ ಅವರ ಪೀಠ ಮಧ್ಯಪ್ರದೇಶದ ಇಬ್ಬರು ಮಹಿಳಾ ಸಿವಿಲ್ ನ್ಯಾಯಾಧೀಶರನ್ನು ಕೆಲಸದಿಂದ ತೆಗೆದ ಆದೇಶವನ್ನು ರದ್ದು ಮಾಡಿತು. ಪ್ರಕರಣ ವಿಲೇವಾರಿ ಕಡಿಮೆ ಎಂಬುದು ಅವರ ಮೇಲಿದ್ದ ಆಕ್ಷೇಪಗಳಲ್ಲಿ ಒಂದು. ಅವರಲ್ಲಿ ಒಬ್ಬರಿಗೆ ಅದೇ ಅವಧಿಯಲ್ಲಿ ಕೋವಿಡ್ ಬಂದಿತ್ತು, ಗರ್ಭಪಾತವಾಗಿತ್ತು. ವಿಲೇವಾರಿಯ ಅಂಕಿ ಎಲ್ಲರಿಗೂ ಒಂದೇ, ಆದರೆ ಗರ್ಭಪಾತವಾಗುವುದು ಒಬ್ಬರಿಗೆ ಮಾತ್ರ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಪಕ್ಷಪಾತವೇ?

ಒಂದು ಮಾತನ್ನು ಬಚ್ಚಿಡಬಾರದು. ಹೆಣ್ಣು ಎಂಬುದೇ ಖಾತರಿಯಲ್ಲ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮಹಿಳಾ ನ್ಯಾಯಮೂರ್ತಿಯೊಬ್ಬರು, ಚರ್ಮಕ್ಕೆ ಚರ್ಮ ತಾಗದಿದ್ದರೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಪೋಕ್ಸೊ ಕಾಯ್ದೆಯಡಿ ಬರುವುದಿಲ್ಲ ಎಂದುಬಿಟ್ಟಿದ್ದರು. ಆ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿತು. ತಿದ್ದಿದ ಮೂವರ ಪೀಠದಲ್ಲಿ ಇಬ್ಬರು ಗಂಡಸರು. ಚೆಲ್ಲೂರರ ನಡೆಯೂ ಟೀಕೆಗೆ ಹೊರತಾಗಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಶಬ್ದಮಾಲಿನ್ಯದ ಪ್ರಕರಣದಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ಅವರ ಮೇಲೆ ಮಹಾರಾಷ್ಟ್ರ ಸರ್ಕಾರ ಪಕ್ಷಪಾತದ ಆರೋಪ ಹೊರಿಸಿದಾಗ, ಮುಖ್ಯ ನ್ಯಾಯಮೂರ್ತಿಯಾಗಿ ಅವರು ಪ್ರಕರಣವನ್ನು ಬೇರೆ ಪೀಠಕ್ಕೆ ವರ್ಗಾಯಿಸಿದರು. ವಕೀಲರು ಸಿಟ್ಟಿಗೆದ್ದರು. ಆಮೇಲೆ ಚೆಲ್ಲೂರರೇ ಓಕಾ ಅವರ ನೇತೃತ್ವದಲ್ಲಿ ದೊಡ್ಡ ಪೀಠ ರಚಿಸಿ ಪ್ರಕರಣವನ್ನು ಅಲ್ಲಿಗೇ ಮರಳಿಸಿದರು. ಸರ್ಕಾರದ ಮಾತಿಗೆ ಮೊದಲು ಮಣಿದದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಮಾಡಿದ್ದನ್ನು ಬೇಗನೆ ಸರಿಪಡಿಸಿದ್ದು ಅವರ ದೊಡ್ಡತನ.

ಚೆಲ್ಲೂರರು 62 ತುಂಬಿ ನಿವೃತ್ತರಾದದ್ದು 2017ರ ಡಿಸೆಂಬರ್‌ನಲ್ಲಿ. ಮೂರು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ಆಗ ಸುಪ್ರೀಂ ಕೋರ್ಟಿನಲ್ಲಿ ಇದ್ದ ಮಹಿಳೆ ಆರ್. ಭಾನುಮತಿ ಒಬ್ಬರೇ. ಅನುಭವ, ಹಿರಿತನ ಎರಡೂ ಇದ್ದ ಚೆಲ್ಲೂರರಿಗೆ ಅಲ್ಲಿ ಜಾಗ ಸಿಗಬೇಕಿತ್ತು. ಆಮೇಲೆ ಅವರು ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯ ಅಧ್ಯಕ್ಷರಾದರು. 2021ರಲ್ಲಿ ಪಶ್ಚಿಮ ಬಂಗಾಳದ ಚುನಾವಣೋತ್ತರ ಹಿಂಸಾಚಾರದ ತನಿಖೆಗೆ ರಚಿಸಿದ ವಿಶೇಷ ತಂಡದ ಮೇಲುಸ್ತುವಾರಿಗೆ ಕಲ್ಕತ್ತಾ ಹೈಕೋರ್ಟು ಇವರನ್ನೇ ಆರಿಸಿತು. 2025ರ ಜೂನ್‌ನಲ್ಲಿ ಬೇಲಾ ತ್ರಿವೇದಿಯವರು ನಿವೃತ್ತರಾದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಒಬ್ಬರೇ ಮಹಿಳೆ ಉಳಿದರು, ನಾಗರತ್ನ. ಹಿರಿತನದ ಸಾಲು ಹೀಗೇ ನಡೆದರೆ 2027ರ ಸೆಪ್ಟೆಂಬರ್‌ನಲ್ಲಿ ಅವರು ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗುತ್ತಾರೆ. ಅದೂ ಒಂದು ತಿಂಗಳು ಮತ್ತು ಕೆಲವು ದಿನಗಳ ಮಟ್ಟಿಗೆ.

ನಮ್ಮ ಐದು ತಾಲ್ಲೂಕುಗಳಿಗೆ ಈ ಮಾತುಗಳು ದೂರದವಲ್ಲ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ ರಾಜ್ಯ ಕಾಯ್ದೆ ಮಾಡಿದ್ದು 1982ರಲ್ಲಿ. ಅದಾಗಿ ಮೂವತ್ತು ವರ್ಷ ದಾಟಿದ ಮೇಲೆ, 2014ರ ಫೆಬ್ರುವರಿಯಲ್ಲಿ, ಹರಪನಹಳ್ಳಿ ತಾಲ್ಲೂಕಿನ ದುರ್ಗಮ್ಮನ ಗುಡಿಯೊಂದರಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡದಂತೆ ತಡೆಯಿರಿ ಎಂದು ಸುಪ್ರೀಂ ಕೋರ್ಟು ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಹೇಳಬೇಕಾಯಿತು. ಕಾಯ್ದೆ ಇತ್ತು, ಪೊಲೀಸ್ ಠಾಣೆ ಇತ್ತು, ಆದರೂ ದೆಹಲಿಯಿಂದ ಆದೇಶ ಬರಬೇಕಾಯಿತು. ಮುತ್ತು ಕಟ್ಟಿಸಿಕೊಂಡವರ ಮಕ್ಕಳು ಶಾಲೆಗೆ ಸೇರುವಾಗ ತಂದೆಯ ಹೆಸರಿನ ಜಾಗದಲ್ಲಿ ಏನು ಬರೆಸಬೇಕೆಂದು ತಾಯಂದಿರು ತಡವರಿಸುವುದನ್ನು ನಮ್ಮ ಕಡೆಯ ಮೇಷ್ಟ್ರುಗಳೆಲ್ಲ ನೋಡಿದ್ದಾರೆ. 2021ರ ಜುಲೈನಲ್ಲಿ, ಇನ್ನೂ ಕರ್ನಾಟಕ ಹೈಕೋರ್ಟಿನಲ್ಲಿದ್ದ ನಾಗರತ್ನ ಅವರ ಪೀಠ, ಎರಡನೆಯ ಹೆಂಡತಿಯ ಮಗನಿಗೆ ಅನುಕಂಪದ ನೌಕರಿ ಕೊಡುವುದಿಲ್ಲ ಎಂಬ ಕೆಪಿಟಿಸಿಎಲ್ ಸುತ್ತೋಲೆಯನ್ನು ಒಪ್ಪಲಿಲ್ಲ. ತಂದೆತಾಯಿಯ ಸಂಬಂಧ ಕಾನೂನಿಗೆ ಹೊಂದದೇ ಇರಬಹುದು, ಹುಟ್ಟಿದ ಮಗುವಿನದು ಅದರಲ್ಲಿ ಯಾವ ಪಾತ್ರವೂ ಇಲ್ಲ, ಅನೌರಸ ಎಂಬ ಪಟ್ಟ ಮಗುವಿಗೆ ಸಲ್ಲದು ಎಂಬುದು ಆ ತೀರ್ಪಿನ ಸಾರ. ಪ್ರಕರಣ ವಿದ್ಯುತ್ ನಿಗಮದ ಲೈನ್‌ಮನ್ ಒಬ್ಬರ ಮಗನದು. ಆದರೆ ಅದನ್ನು ಓದಿದಾಗ ನನಗೆ ನೆನಪಾದದ್ದು ಕೂಡ್ಲಿಗಿ, ಹರಪನಹಳ್ಳಿ ಕಡೆಯ ಮಕ್ಕಳ ಮುಖ.

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಟಿವಿಯ ಒಂದು ಸಾಲು ನೋಡಿ ತೀರ್ಪುಗಳನ್ನೂ ನಾವು ಹಾಗೆಯೇ ಅರ್ಥ ಮಾಡಿಕೊಳ್ಳುತ್ತಿದ್ದೇವೆ. ಕಾರಣಿಕದ ಹಿಂದೆ ವಿವರಣೆ ಇರುವುದಿಲ್ಲ. ತೀರ್ಪಿನಲ್ಲಿ ಪ್ರತಿ ಮಾತಿಗೂ ಕಾರಣ ಬರೆದಿರುತ್ತದೆ. ಆ ಕಾರಣಗಳನ್ನು ಓದಿ ಹೇಳುವವರು ಊರಿಗೊಬ್ಬರಾದರೂ ಬೇಕು. ಕಾನೂನು ಓದಿದ ಹೆಣ್ಣುಮಕ್ಕಳು ನಮ್ಮ ತಾಲ್ಲೂಕುಗಳಲ್ಲಿ ಈಗ ಇದ್ದಾರೆ. ಮದುವೆಯಾದ ಮೇಲೆ ಕೋಟನ್ನು ಬೀರುವಿನಲ್ಲಿಟ್ಟವರೂ ಇದ್ದಾರೆ. ಅವರ ಮನೆಯವರಿಗೆ ನನ್ನ ವಿನಂತಿ: ಆ ಕೋಟನ್ನು ಹೊರಗೆ ತೆಗೆಯಲು ಬಿಡಿ. ಕೌಟುಂಬಿಕ ದೌರ್ಜನ್ಯದ ದೂರು ಹೊತ್ತು ಬರುವ ಹೆಂಗಸಿಗೆ ಎದುರಿಗೆ ಹೆಣ್ಣು ವಕೀಲರಿದ್ದರೆ ಹೇಳಲಾರದ್ದನ್ನೂ ಹೇಳುವ ಧೈರ್ಯ ಬರುತ್ತದೆ.

ಕೊನೆಯದಾಗಿ, ಪತ್ರ ಬರೆದ ಹೆಣ್ಣುಮಕ್ಕಳಿಗೆ. ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಹೊಲ ಇದ್ದರೂ ಸರಿ, ಗಂಡನಿಗೆ ಸಂಬಳ ಇದ್ದರೂ ಸರಿ. ಜೀವನಾಂಶದ ಆದೇಶವಾದರೆ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದ್ದರಿಂದ ವಾಯಿದೆ ಮೇಲೆ ವಾಯಿದೆ ಬಿದ್ದರೂ ನಿಮ್ಮ ಹಕ್ಕು ಸೋರಿಹೋಗುವುದಿಲ್ಲ, ಅರ್ಜಿ ಹಾಕುವುದನ್ನು ಮಾತ್ರ ಮುಂದೂಡಬೇಡಿ. ನಿಮ್ಮ ತಾಲ್ಲೂಕಿನ ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ‘ನಿನಗೇನು ದುಡಿಮೆ?’ ಎಂದು ಯಾರಾದರೂ ಕೇಳಿದರೆ, ನಸುಕಿನಿಂದ ರಾತ್ರಿಯವರೆಗೆ ಮಾಡುವ ಕೆಲಸವನ್ನೆಲ್ಲ ಒಂದೂ ಬಿಡದೆ ಹೇಳಿ, ಬರೆಸಿ.